ಗೆದ್ದ ಆಟವನ್ನೇ ಮತ್ತೆ ಆಡುವುದು: ಸ್ಪೀಡ್‌ರನ್ ನೋಡಲು, ಓಡಲು ಒಂದು ಕೈಪಿಡಿ

ಪಾಂಡವಪುರದ ಕಡೆಯ ನಮ್ಮೂರಿಂದ ಅಪ್ಪ ಮೈಸೂರಿನ ಮನೆಗೆ ಬಂದಿದ್ದರು. ಎರಡು ದಿನ ಸುಮ್ಮನೆ ನೋಡಿದವರು ಮೂರನೇ ದಿನ ಕೇಳಿಯೇಬಿಟ್ಟರು: "ಯಾಕ್ಲಾ, ನೆನ್ನೆನೂ ಇದ್ನೇ ಆಡ್ತಿದ್ದೆ, ಮೊನ್ನೆನೂ ಇದ್ನೇ. ಗೆದ್ದಾಗದಲ್ಲ, ಇನ್ನೇನ್ಲಾ ಗೆಲ್ಲಾದು ಅದ್ರಲ್ಲಿ?"

ನಾನು ಆಡುತ್ತಿದ್ದದ್ದು 1985ರ ಸೂಪರ್ ಮಾರಿಯೋ ಬ್ರದರ್ಸ್. ಚಿಕ್ಕವರಿದ್ದಾಗ ಟಿವಿ ಹಿಂದೆ ವೈರು ಚುಚ್ಚಿ, ಕ್ಯಾಸೆಟ್ಟಿಗೆ ಉಫ್ ಅಂತ ಊದಿ ಹಾಕುತ್ತಿದ್ದೆವಲ್ಲ, ಅದೇ ಮೀಸೆ ಮಾರಿಯೋ. ಆಗ ಹೇಗಾದರೂ ರಾಣಿಯನ್ನು ಬಿಡಿಸಿದರೆ ಸಾಕಿತ್ತು. ಈಗ ಎಷ್ಟು ಬೇಗ ಬಿಡಿಸುತ್ತೇನೆ ಅನ್ನುವುದೇ ಲೆಕ್ಕ. ಇದಕ್ಕೆ ಸ್ಪೀಡ್‌ರನ್ ಅನ್ನುತ್ತಾರೆ. ಈ ಆಟದ ವಿಶ್ವದಾಖಲೆ 2021ರಲ್ಲಿ 4 ನಿಮಿಷ 55 ಸೆಕೆಂಡಿಗಿಂತ ಕೆಳಗಿಳಿಯಿತು. ಅಲ್ಲಿಂದೀಚೆಗೆ ದಾಖಲೆಗೆ ಓಡುವವರ ಕಿತ್ತಾಟವೆಲ್ಲ ಸೆಕೆಂಡಿನ ಚೂರುಗಳಿಗೆ. ನನ್ನದು ಇನ್ನೂ ಆರು ನಿಮಿಷದ ಆಸುಪಾಸಿನಲ್ಲಿ ಒದ್ದಾಡುತ್ತಿದೆ.

ಅಪ್ಪನಿಗೆ ಆವತ್ತು ಸರಿಯಾದ ಉತ್ತರ ಹೇಳಲಾಗಲಿಲ್ಲ. ಇದು ಅವಸರದ ಆಟ ಅಂತ ಎಲ್ಲರೂ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಇಳಿದು ನೋಡಿದರೆ ಇಷ್ಟು ತಾಳ್ಮೆ ಕೇಳುವ ಹವ್ಯಾಸ ಇನ್ನೊಂದಿಲ್ಲ. ನೋಡುವ ರುಚಿಯೂ ಒಂದೇ ಸಲಕ್ಕೆ ಹತ್ತುವುದಿಲ್ಲ. ನಾವೇ ನಾಲ್ಕು ಸಲ ಓಡಿ ಬಿದ್ದ ಮೇಲೆ ಬೇರೆಯವರ ಓಟ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತದೆ. ಹಾಗಾಗಿ ಈ ಕೈಪಿಡಿಯ ದಾರಿ ಇಷ್ಟೇ: ಮೊದಲು ನೋಡುವುದು, ಆಮೇಲೆ ಓಡುವುದು, ಕೊನೆಗೆ ಅದೇ ವಿಡಿಯೋ ಇನ್ನೊಮ್ಮೆ ನೋಡುವುದು.

ನೀವು ಆಡಿದ ಆಟದ ಓಟವನ್ನೇ ನೋಡಿ

ಯೂಟ್ಯೂಬಿನಲ್ಲಿ ಹುಡುಕುವಾಗ ವಿಶ್ವದಾಖಲೆ ಅಂದ ತಕ್ಷಣ ಯಾವುದೋ ಗೊತ್ತಿಲ್ಲದ ಆಟದ ವಿಡಿಯೋ ಹಾಕಿಕೊಂಡು ಕೂತರೆ ಐದು ನಿಮಿಷಕ್ಕೆ ಆಕಳಿಕೆ ಬರುತ್ತದೆ. ನೀವು ಕೈಯಾರೆ ಆಡಿ, ಸೋತು, ಬೈದುಕೊಂಡ ಆಟವನ್ನೇ ಹುಡುಕಿ. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಆಡಿದ ಪ್ರಿನ್ಸ್ ಆಫ್ ಪರ್ಷಿಯಾ ನೆನಪಿದ್ದರೆ ಅದು ಒಳ್ಳೆಯ ಶುರು. 1989ರ ಆ ಆಟ ತಾನೇ ಗಡಿಯಾರ ಕಟ್ಟಿಕೊಂಡು ಬಂದದ್ದು: 60 ನಿಮಿಷದೊಳಗೆ ರಾಜಕುಮಾರಿಯನ್ನು ಸೇರಬೇಕು. ಎರಡು ಅಂತಸ್ತಿನಿಂದ ಬಿದ್ದರೆ ಒಂದು ಜೀವ ಹೋಗುತ್ತದೆ, ಮೂರು ಅಂತಸ್ತಿನಿಂದ ಬಿದ್ದರೆ ಸತ್ತೇ ಹೋಗುತ್ತಾನೆ. ನಮಗೆ ಅಷ್ಟು ಗೊತ್ತಾಗಲು ಒಂದು ವರ್ಷ ಹಿಡಿದಿತ್ತು. ಓಟಗಾರ ಅದೇ ಜಾಗದಲ್ಲಿ ಬೇಕೆಂದೇ ಎರಡು ಅಂತಸ್ತು ಹಾರುತ್ತಾನೆ. ಒಂದು ಜೀವ ಹೋದರೆ ಹೋಗಲಿ, ಮೆಟ್ಟಿಲು ಇಳಿಯುವ ಹೊತ್ತು ಉಳಿಯಿತಲ್ಲ! ಅವನ ಲೆಕ್ಕದಲ್ಲಿ ಜೀವವೂ ಖರ್ಚು ಮಾಡುವ ದುಡ್ಡು.

ವಿವರಣೆ ಬೇಕು ಅನ್ನುವವರಿಗೆ ಗೇಮ್ಸ್ ಡನ್ ಕ್ವಿಕ್ ಮ್ಯಾರಥಾನ್‌ನ ವಿಡಿಯೋಗಳಿವೆ. ದಿನಗಟ್ಟಲೆ ಒಂದರ ಹಿಂದೊಂದು ಓಟ ತೋರಿಸುತ್ತಾ ಸೇವಾ ಸಂಸ್ಥೆಗಳಿಗೆ ದುಡ್ಡು ಕೂಡಿಸುವ ಕಾರ್ಯಕ್ರಮ ಅದು. ಆಡುವವರ ಹಿಂದೆ ಸೋಫಾದ ಮೇಲೆ ನಾಲ್ಕು ಜನ ಕೂತು, ಯಾವ ಜಾಗದಲ್ಲಿ ಏನು ಕಷ್ಟ ಅಂತ ಹೇಳುತ್ತಿರುತ್ತಾರೆ. ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. 2010ರಲ್ಲಿ ಅದರ ಮೊದಲ ಕಾರ್ಯಕ್ರಮ ಅಮೆರಿಕದ ಒಂದು ಸಮಾವೇಶದಲ್ಲಿ ನಡೆಯಬೇಕಿತ್ತು. ಅಲ್ಲಿ ಇಂಟರ್ನೆಟ್ ಕೈಕೊಟ್ಟಿತು ಅಂತ ಆಯೋಜಕರೊಬ್ಬರ ತಾಯಿಯ ಮನೆಯ ನೆಲಮಾಳಿಗೆಗೆ ಎಲ್ಲರೂ ಗಂಟುಮೂಟೆ ಎತ್ತಿದರು. ಅಲ್ಲಿಂದಲೇ 10,000 ಡಾಲರಿಗೂ ಹೆಚ್ಚು ದೇಣಿಗೆ ಎತ್ತಿದರು. ಹತ್ತು ವರ್ಷದ ಮೇಲೆ, 2020ರ ಜನವರಿಯ ಒಂದೇ ಮ್ಯಾರಥಾನ್‌ನಲ್ಲಿ 30 ಲಕ್ಷ ಡಾಲರ್ ದಾಟಿತು. ಈಗ ವರ್ಷಕ್ಕೆ ಎರಡು ದೊಡ್ಡ ಮ್ಯಾರಥಾನ್, ಜನವರಿಗೊಂದು, ಅಲ್ಲಿನ ಬೇಸಿಗೆಗೊಂದು. ನಿದ್ದೆಗೆಟ್ಟು ಲೈವ್ ನೋಡಬೇಕಿಲ್ಲ, ಎಲ್ಲವೂ ಆಮೇಲೆ ಯೂಟ್ಯೂಬಿಗೆ ಬರುತ್ತದೆ.

ಇದೆಲ್ಲ ನಿನ್ನೆ ಮೊನ್ನೆಯ ಹುಚ್ಚೂ ಅಲ್ಲ. 1993ರ ಡೂಮ್ ಆಟದೊಳಗೇ ನಮ್ಮ ಓಟ ರೆಕಾರ್ಡ್ ಮಾಡಿ ಬೇರೆಯವರಿಗೆ ಕಳಿಸುವ ಸೌಲಭ್ಯವಿತ್ತು. 1997ರಲ್ಲಿ ಒಂದು ಗುಂಪು ಕ್ವೇಕ್ ಆಟವನ್ನು ಅತಿ ಕಷ್ಟದ ಮಟ್ಟದಲ್ಲೇ 19 ನಿಮಿಷ 49 ಸೆಕೆಂಡಿಗೆ ಮುಗಿಸಿ ತೋರಿಸಿತು. ಯೂಟ್ಯೂಬ್ ಹುಟ್ಟುವುದಕ್ಕೆ ಇನ್ನೂ ಎಂಟು ವರ್ಷ ಬಾಕಿ ಇತ್ತು.

ನೋಡಿದ ವಿಡಿಯೋಗಳಲ್ಲಿ ಒಂದರ ಲಿಂಕ್ ಎತ್ತಿಟ್ಟುಕೊಳ್ಳಿ. ಕೊನೆಗೆ ಬೇಕಾಗುತ್ತದೆ.

ಚಿಕ್ಕ ಆಟ ಹಿಡಿಯಿರಿ

ಹೊಸಬರು ಎಡವುವುದೇ ಇಲ್ಲಿ. ಇಷ್ಟದ ಆಟ ಅಂತ 40 ಗಂಟೆಯ ಆಟಕ್ಕೆ ಕೈಹಾಕುತ್ತಾರೆ. ಹತ್ತು ನಿಮಿಷದೊಳಗೆ ಮುಗಿಯುವುದನ್ನು ಹಿಡಿಯಿರಿ. ಕೆಟ್ಟರೆ ಹತ್ತು ನಿಮಿಷ ಕೆಟ್ಟಿತು, ಅಷ್ಟೇ.

ಕೈಯಲ್ಲಿ ಏನೂ ಇಲ್ಲದವರಿಗೆ ನಾನು ಹೇಳುವುದು ಸೆಲೆಸ್ಟ್ ಕ್ಲಾಸಿಕ್. ನಾಲ್ಕೇ ದಿನದಲ್ಲಿ ಮಾಡಿದ ಪುಟ್ಟ ಆಟ. ಅದರಿಂದಲೇ 2018ರ ದೊಡ್ಡ ಸೆಲೆಸ್ಟ್ ಬೆಳೆಯಿತು. ಬ್ರೌಸರಿನಲ್ಲೇ ಬಿಟ್ಟಿಯಾಗಿ ಆಡಬಹುದು, ಮನೆಯ ಹಳೇ ಲ್ಯಾಪ್‌ಟಾಪೂ ಸಾಕು. ಒಂದು ಹುಡುಗಿ ಬೆಟ್ಟ ಹತ್ತಬೇಕು, ಒಂದೊಂದು ಪರದೆಗೂ 100 ಮೀಟರ್. ಬಾಣದ ಗುರುತಿನ ಕೀಲಿಗಳ ಜೊತೆಗೆ ಹಾರಲು ಒಂದು ಕೀಲಿ, ಗಾಳಿಯಲ್ಲಿ ಚಿಮ್ಮಲು ಒಂದು ಕೀಲಿ. ಮೊದಲ ಸಲ ಮುಗಿಸಲು ಒಂದು ಸಂಜೆ ಬೇಕಾದೀತು. ಗೊತ್ತಿದ್ದವರಿಗೆ ಅದು ಕೆಲವೇ ನಿಮಿಷದ ಮಾತು. ದೊಡ್ಡ ಸೆಲೆಸ್ಟ್‌ನಲ್ಲಿ ಓಟಗಾರರಿಗೆಂದೇ ಟೈಮರ್ ಒಳಗೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಹಾಕಿಕೊಂಡರಾಯಿತು.

ಒಂಬತ್ತನೇ ಕ್ಲಾಸಿನ ಅಕ್ಕನ ಮಗನಿಗೆ ಇದನ್ನು ತೋರಿಸಿದ್ದೇ ತಪ್ಪಾಯಿತು. ಎರಡು ವಾರಕ್ಕೆ ನನ್ನನ್ನು ಹಿಂದೆ ಹಾಕಿ, "ಮಾವ, ನೀವು ಹಾರೋಕ್ ಮುಂಚೆ ಯೋಚ್ನೆ ಮಾಡ್ತೀರ" ಅಂದ. ನನಗೆ ಸಿಕ್ಕ ಅತ್ಯುತ್ತಮ ಸಲಹೆ ಅದು.

ಯಾವ ಓಟ ಅಂತ ತೀರ್ಮಾನಿಸಿ

ಅಪ್ಪನನ್ನು ಮಾರನೇ ದಿನ ಬೆಳಿಗ್ಗೆ ಚಾಮುಂಡಿ ಬೆಟ್ಟದ ಪಾದಕ್ಕೆ ಕರೆದುಕೊಂಡು ಹೋದೆ. ಸಾವಿರದ ಚಿಲ್ಲರೆ ಮೆಟ್ಟಿಲು, ದೊಡ್ಡ ದೇವರಾಜ ಒಡೆಯರ ಕಾಲದ್ದು. ನಮ್ಮ ಮುಂದೆಯೇ ಒಬ್ಬ ಹುಡುಗ ವಾಚು ಒತ್ತಿ ಓಡಲು ಶುರುಮಾಡಿದ. ಇನ್ನೊಬ್ಬ ಹೆಂಗಸು ಬಗ್ಗಿ ಬಗ್ಗಿ ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ನಂದಿಯವರೆಗೆ ಹತ್ತಿ, ಸುತ್ತು ಬಂದು, ಇಳಿದುಬಿಡುವ ವಾಕಿಂಗ್ ಗುಂಪು ಒಂದು. ಮೇಲೆ ದೇವಸ್ಥಾನದ ಹತ್ತಿರ ಸಿಟಿ ಬಸ್ಸಿನಿಂದ ಇಳಿಯುವವರು ಬೇರೆ. ಎಲ್ಲರೂ ಹತ್ತಿದ್ದು ಅದೇ ಬೆಟ್ಟ. ಆದರೆ ವಾಚಿನ ಹುಡುಗನನ್ನೂ ಕುಂಕುಮದ ಅಮ್ಮನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತದೆಯೇ?

ಸ್ಪೀಡ್‌ರನ್‌ನಲ್ಲಿ ಇದಕ್ಕೆ ಕ್ಯಾಟಗರಿ ಅನ್ನುತ್ತಾರೆ. ಹೇಗಾದರೂ ಕೊನೆ ಮುಟ್ಟಿದರೆ ಸಾಕು ಅನ್ನುವುದು 'ಎನಿ ಪರ್ಸೆಂಟ್'. ಒಂದೂ ಬಿಡದೆ ಎಲ್ಲ ಸಂಗ್ರಹಿಸಿ ಮುಗಿಸುವುದು 'ಹಂಡ್ರೆಡ್ ಪರ್ಸೆಂಟ್', ಅಂದರೆ ಕುಂಕುಮದ ಅಮ್ಮ. ಆಟದೊಳಗಿನ ದೋಷಗಳನ್ನು ಬಳಸಿಕೊಳ್ಳದೆ ಓಡುವುದು 'ಗ್ಲಿಚ್‌ಲೆಸ್'. 1996ರ ಸೂಪರ್ ಮಾರಿಯೋ 64ರಲ್ಲಿ ಎಲ್ಲ 120 ನಕ್ಷತ್ರ ಕೂಡಿಸುವ ಓಟವಿದೆ, 70ರದ್ದಿದೆ, 16ರದ್ದಿದೆ, ಕೊನೆಗೆ ಒಂದೂ ನಕ್ಷತ್ರ ಮುಟ್ಟದ ಓಟವೂ ಇದೆ. ಮಾಡಿದವರು ಅಂದುಕೊಂಡಿದ್ದು 70 ನಕ್ಷತ್ರವಿಲ್ಲದೆ ಕೊನೆಯ ಬಾಗಿಲು ದಾಟಲಾಗದು ಅಂತ. ಆದರೆ ಮಾರಿಯೋ ಹಿಂದಕ್ಕೆ ಜಿಗಿದರೆ ಆಟ ಅವನ ವೇಗಕ್ಕೆ ಮಿತಿ ಹಾಕುವುದನ್ನು ಮರೆಯುತ್ತದೆ; ಮುಂದಕ್ಕೆ ಓಡುವಾಗ ಮಾತ್ರ ಮಿತಿ. ಮೆಟ್ಟಿಲಿಗೆ ಬೆನ್ನು ಹಾಕಿ ಪಟಪಟ ಗುಂಡಿ ಒತ್ತುತ್ತಾ ವೇಗ ಏರಿಸಿಕೊಂಡು ಬಾಗಿಲುಗಳನ್ನು ದಾಟಿಬಿಡುತ್ತಾರೆ. 1997ರಲ್ಲಿ ಜಪಾನಿನಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಇದನ್ನು ಮುಚ್ಚಿದರು, ಹಾಗಾಗಿ ಓಟಗಾರರಿಗೆ ಹಳೆಯದೇ ಬೇಕು.

ಇದು ಮೋಸವಲ್ಲವೇ ಅಂತ ಹೊಸಬರು ಕೇಳಿಯೇ ಕೇಳುತ್ತಾರೆ. ಎಲ್ಲರಿಗೂ ಒಂದೇ ನಿಯಮ ಇರುವಾಗ ಇದು ಮೋಸ ಹೇಗಾಗುತ್ತದೆ? ಮನಸ್ಸು ಒಪ್ಪದಿದ್ದರೆ ಗ್ಲಿಚ್‌ಲೆಸ್ ಆರಿಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಸ್ಪೀಡ್‌ರನ್ ಡಾಟ್ ಕಾಮ್ ತಾಣದಲ್ಲಿ ನಿಮ್ಮ ಆಟ ಹುಡುಕಿದರೆ ಕ್ಯಾಟಗರಿಗಳೂ, ಒಂದೊಂದಕ್ಕೂ ನಿಯಮಗಳೂ ಸಿಗುತ್ತವೆ. ಗಡಿಯಾರ ಯಾವಾಗ ಶುರು, ಯಾವಾಗ ನಿಲ್ಲುತ್ತದೆ ಅನ್ನುವ ಸಾಲು ಮೊದಲು ಓದಿ. ನಮ್ಮ ಮಾರಿಯೋದಲ್ಲಿ ಕೊನೆಯ ಕೋಟೆಯ ಕೊಡಲಿ ಮುಟ್ಟಿದ ಕ್ಷಣಕ್ಕೇ ಗಡಿಯಾರ ನಿಲ್ಲುತ್ತದೆ, ರಾಣಿಯ ಮುಖ ನೋಡುವವರೆಗೆ ಕಾಯುವುದಿಲ್ಲ.

ಒಂದೇ ಮಟ್ಟವನ್ನು ಅರೆದು ಕುಡಿಯಿರಿ

ಇಡೀ ಆಟ ಒಮ್ಮೆಗೇ ಕಲಿಯಲು ಹೋಗಬೇಡಿ. ಮೊದಲ ಮಟ್ಟ ಒಂದನ್ನೇ ಒಂದು ವಾರ ಆಡಿ. ಒಳ್ಳೆಯ ಓಟದ ವಿಡಿಯೋವನ್ನು ಪಕ್ಕದಲ್ಲಿಟ್ಟುಕೊಂಡು, ಯೂಟ್ಯೂಬಿನ ವೇಗ ಕಾಲು ಭಾಗಕ್ಕೆ ಇಳಿಸಿ, ಎಲ್ಲಿ ಹಾರಿದರು, ಎಲ್ಲಿ ಹಾರಲಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎರಡನೆಯದು ಹೆಚ್ಚು ಮುಖ್ಯ. ನಾವು ಭಯಕ್ಕೆ ಹಾರುವ ಎಷ್ಟೋ ಕಡೆ ಅವರು ನೆಟ್ಟಗೆ ಓಡಿರುತ್ತಾರೆ.

ಮಾರಿಯೋದ ಮೊದಲ ಮಟ್ಟವನ್ನೇ ತೆಗೆದುಕೊಳ್ಳೋಣ. ಕೊನೆಯಲ್ಲಿ ಬಾವುಟದ ಕಂಬ, ಅದನ್ನು ಹಿಡಿದು ಜಾರಿ ಕೋಟೆಯೊಳಗೆ ಹೋದ ಮೇಲೆ ಕೆಲವೊಮ್ಮೆ ಪಟಾಕಿ ಹಾರುತ್ತಿತ್ತಲ್ಲ? ಚಿಕ್ಕವರಿದ್ದಾಗ ಅದು ನಮ್ಮ ಅದೃಷ್ಟ ಅಂತ ಕುಣಿಯುತ್ತಿದ್ದೆವು. ಅದರಲ್ಲಿ ಅದೃಷ್ಟದ ಮಾತೇ ಇಲ್ಲ. ಕಂಬ ಮುಟ್ಟಿದಾಗ ಮೇಲಿನ ಟೈಮರಿನ ಕೊನೆಯ ಅಂಕಿ 1, 3 ಅಥವಾ 6 ಆಗಿದ್ದರೆ ಅಷ್ಟೇ ಪಟಾಕಿ. ಒಂದೊಂದು ಪಟಾಕಿಯೂ ಸಮಯ ತಿನ್ನುತ್ತದೆ. ಓಟಗಾರರಿಗೆ ಅದು ಸಂಭ್ರಮವಲ್ಲ, ದಂಡ. ಅಂಥ ಅಂಕಿ ಬೀಳದ ಹಾಗೆ ನೋಡಿಕೊಳ್ಳಬೇಕು.

ಇದರ ಹಿಂದೆ ಇನ್ನೂ ಒಂದು ಸೂಕ್ಷ್ಮವಿದೆ, ಇದನ್ನು ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಾರಿಯೋ ಓಡುವ ಆ ಹಳೇ ಆಟದ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸುತ್ತದೆ. ಒಂದು ಮಟ್ಟ ಮುಗಿದು ಮುಂದಿನದಕ್ಕೆ ಬಿಡಬೇಕೇ ಅಂತ ಆಟ ಪ್ರತಿ ಚಿತ್ರಕ್ಕೂ ನೋಡುವುದಿಲ್ಲ, 21 ಚಿತ್ರಕ್ಕೊಮ್ಮೆ ಮಾತ್ರ ನೋಡುತ್ತದೆ. ನಮ್ಮೂರ ಹಾಲಿನ ಡೇರಿ ಹಾಗೆ. ನೀವು ಕ್ಯಾನು ಹೊತ್ತು ಆರೂವರೆಗೆ ಹೋಗಿ ಕೂತರೂ, ಆರೂ ಐವತ್ತಕ್ಕೆ ಓಡೋಡಿ ಹೋದರೂ ಹಾಲು ಹೋಗುವುದು ಏಳರ ವ್ಯಾನಿಗೇ. ಏಳೂ ಐದಕ್ಕೆ ಹೋದಿರೋ, ಸಂಜೆಯವರೆಗೆ ಕಾಯಿರಿ. ಹಾಗೆಯೇ ಇಲ್ಲಿ ಹತ್ತು ಚಿತ್ರದಷ್ಟು ಬೇಗ ಕಂಬ ಮುಟ್ಟಿಯೂ ಏನೂ ಗಿಟ್ಟದೆ ಇರಬಹುದು. ಒಂದೇ ಒಂದು ಚಿತ್ರ ತಡವಾಗಿ 0.35 ಸೆಕೆಂಡ್ ಪೂರ್ತಿ ಕೈಬಿಡಬಹುದು. ಓಟಗಾರರು ಇದನ್ನು 'ಫ್ರೇಮ್ ರೂಲ್' ಅನ್ನುತ್ತಾರೆ. ಕೊನೆಯ ಮಟ್ಟಕ್ಕೆ ಮುಂದೆ ಹೋಗುವ ವ್ಯಾನೇ ಇಲ್ಲ, ಹಾಗಾಗಿ ಅಲ್ಲಿ ಉಳಿಸಿದ ಒಂದೊಂದು ಚಿತ್ರವೂ ನೇರ ಲಾಭ. ದಾಖಲೆಯ ಓಟದಲ್ಲಿ ಕೊನೆಯ ಕೋಟೆಗೆ ಬಂದಾಗ ಆಡುವವರ ಕೈ ನಡುಗುವುದು ಸುಮ್ಮನೆ ಅಲ್ಲ.

ದಾರಿಯ ವಿಷಯ. ಆಟದಲ್ಲಿರುವುದು ಲೋಕಕ್ಕೆ ನಾಲ್ಕರಂತೆ ಎಂಟು ಲೋಕ, ಒಟ್ಟು 32 ಮಟ್ಟ; ಎನಿ ಪರ್ಸೆಂಟ್ ಓಟ ಮುಟ್ಟುವುದು ಎಂಟು ಮಟ್ಟವನ್ನು ಮಾತ್ರ. ಒಂದನೇ ಲೋಕದ ಎರಡನೇ ಮಟ್ಟದಿಂದ ಕೊಳವೆ ಹಿಡಿದು ನಾಲ್ಕನೇ ಲೋಕಕ್ಕೆ, ನಾಲ್ಕರ ಎರಡನೇ ಮಟ್ಟದಿಂದ ಎಂಟಕ್ಕೆ. ಆ ನಾಲ್ಕರ ಎರಡರಲ್ಲಿ ಒಂದು ಬೆರಗಿನ ಕಳ್ಳದಾರಿ ಇದೆ. ಎಂಟನೇ ಲೋಕದ ಕೊಳವೆ ಇರುವುದು ಬಳ್ಳಿ ಹತ್ತಿ ಮೇಲೆ ಹೋಗಬೇಕಾದ ಜಾಗದಲ್ಲಿ. ಅಲ್ಲಿಗೆ, ನಾಣ್ಯದ ಕೋಣೆಗೆ ಹೋಗುವ ಕೊಳವೆಯಿಂದಲೇ ಸೇರುತ್ತಾರೆ. ಕೊಳವೆ ಎಲ್ಲಿಗೆ ಬಿಡಬೇಕು ಅನ್ನುವುದನ್ನು ಆಟ ತೀರ್ಮಾನಿಸುವುದು ಪರದೆ ಎಷ್ಟು ಸರಿದಿದೆ ಅಂತ ನೋಡಿ, ಮಾರಿಯೋ ಎಲ್ಲಿ ನಿಂತಿದ್ದಾನೆ ಅಂತ ನೋಡಿ ಅಲ್ಲ. ಅಲ್ಲಲ್ಲಿ ಇಟ್ಟಿಗೆಗೆ ಮೈ ತಾಗಿಸಿಕೊಂಡು ಮಾರಿಯೋನನ್ನು ಪರದೆಯಲ್ಲಿ ಒಂಚೂರು ಬಲಕ್ಕೆ ಜರುಗಿಸಿದರೆ, ಅವನು ಕೊಳವೆ ಮುಟ್ಟುವ ಹೊತ್ತಿಗೆ ಪರದೆ ಇನ್ನೂ ಹಿಂದೆಯೇ ಇರುತ್ತದೆ. ಆಟ ಹಳೇ ವಿಳಾಸಕ್ಕೇ, ಅಂದರೆ ಬಳ್ಳಿ ಮುಟ್ಟಿಸುವ ಜಾಗಕ್ಕೇ ಕಳಿಸಿಬಿಡುತ್ತದೆ. ನನಗೆ ಇದು ಹತ್ತರಲ್ಲಿ ಎರಡು ಸಲ ಒಲಿಯುತ್ತದೆ. ಒಲಿದಾಗ ಪಕ್ಕದ ಮನೆಗೂ ಕೇಳಿಸುತ್ತದೆ.

ಗಡಿಯಾರ, ರೆಕಾರ್ಡಿಂಗ್

ಕಂಪ್ಯೂಟರಿನಲ್ಲಿ ಲೈವ್‌ಸ್ಪ್ಲಿಟ್ ಅನ್ನುವ ಬಿಟ್ಟಿ ತಂತ್ರಾಂಶ ಹಾಕಿಕೊಳ್ಳಿ. ಓಟವನ್ನು ತುಂಡು ಮಾಡಿ, ಒಂದೊಂದು ತುಂಡಿನ ಸಮಯವನ್ನೂ ಇದು ಬರೆದಿಡುತ್ತದೆ. ಹಸಿರು ಬಂದರೆ ನಿಮ್ಮ ಹಿಂದಿನ ಉತ್ತಮಕ್ಕಿಂತ ಮುಂದಿದ್ದೀರಿ, ಕೆಂಪು ಬಂದರೆ ಹಿಂದೆ, ಚಿನ್ನದ ಬಣ್ಣ ಬಂದರೆ ಆ ತುಂಡನ್ನು ಇಷ್ಟು ಬೇಗ ನೀವು ಯಾವತ್ತೂ ಮುಗಿಸಿಲ್ಲ. ಗುಂಡಿಗಳು ತಾನಾಗಿ ನಂಬರ್ ಪ್ಯಾಡಿನಲ್ಲಿರುತ್ತವೆ. ಚಿಕ್ಕ ಲ್ಯಾಪ್‌ಟಾಪಿನಲ್ಲಿ ಆ ಪ್ಯಾಡೇ ಇರುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಿ. ಬ್ಲೂಟೂತ್ ರಿಮೋಟಿಗಿಂತ ವೈರಿನದು ವಾಸಿ. ಟಿವಿಯಲ್ಲಿ ಆಡುವವರು ಗೇಮ್ ಮೋಡ್ ಹಾಕಿಕೊಳ್ಳಿ, ಇಲ್ಲದಿದ್ದರೆ ಒತ್ತಿದ್ದು ಒಂದು ಗಳಿಗೆ ತಡವಾಗಿ ಕಾಣುತ್ತದೆ.

ರೆಕಾರ್ಡ್ ಮಾಡಲು ಒಬಿಎಸ್ ಸಾಕು, ಅದೂ ಬಿಟ್ಟಿ. ನಾನು ಮೊದಲು ಅದನ್ನು ಕಲಿಯಲು ಸೋಮಾರಿತನ ಮಾಡಿ ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ ಚಿತ್ರ ತೆಗೆಯುತ್ತಿದ್ದೆ. ಒಂದು ಭಾನುವಾರ ಎಲ್ಲ ಕೂಡಿಬಂತು. ಕಳ್ಳದಾರಿ ಒಲಿಯಿತು, ಎಂಟನೇ ಲೋಕದಲ್ಲಿ ಎಲ್ಲೂ ಬೀಳಲಿಲ್ಲ, ಕೊಡಲಿ ಮುಟ್ಟಿದಾಗ ನನ್ನ ಜೀವನದ ಅತ್ಯುತ್ತಮ ಸಮಯ. ಫೋನ್ ತೆಗೆದು ನೋಡಿದರೆ, ನಾಲ್ಕನೇ ಲೋಕದಲ್ಲಿ ಇರುವಾಗಲೇ ಯಾರದೋ ಗೃಹಪ್ರವೇಶಕ್ಕೆ ಕರೆಯಲು ಫೋನ್ ಬಂದು ರೆಕಾರ್ಡಿಂಗ್ ನಿಂತುಹೋಗಿತ್ತು. ನಾನು ಸೈಲೆಂಟ್ ಹಾಕಿದ್ದೆ, ಏರೋಪ್ಲೇನ್ ಮೋಡ್ ಹಾಕಿರಲಿಲ್ಲ. ಆ ಗೃಹಪ್ರವೇಶಕ್ಕೆ ಹೋದೆ, ಹೋಳಿಗೆ ಚೆನ್ನಾಗಿತ್ತು, ಆದರೂ ಸಿಟ್ಟು ಇಳಿಯಲಿಲ್ಲ.

ರೀಸೆಟ್ ಗುಂಡಿಯ ಜೊತೆ ಬಾಳುವುದು

ಕೆಟ್ಟ ಅಭ್ಯಾಸ ಒಂದು ಬೇಗ ಅಂಟುತ್ತದೆ: ಮೊದಲ ತಪ್ಪಿಗೇ ರೀಸೆಟ್ ಒತ್ತುವುದು. ಹಾಗೆ ಮಾಡಿದರೆ ಮೊದಲ ಮಟ್ಟವನ್ನು ಸಾವಿರ ಸಲ ಆಡಿರುತ್ತೀರಿ, ಕೊನೆಯದನ್ನು ಹತ್ತು ಸಲವೂ ಆಡಿರುವುದಿಲ್ಲ. ಮೊದಲ ಇಪ್ಪತ್ತು ಓಟ ಎಷ್ಟೇ ಕೆಟ್ಟರೂ ಕೊನೆ ಮುಟ್ಟಿಸಿ. ಕಷ್ಟದ ಜಾಗ ಮಾತ್ರ ಬೇರೆಯಾಗಿ ಅಭ್ಯಾಸ ಮಾಡಿ. ಎಮ್ಯುಲೇಟರಿನಲ್ಲಿ, ಅಂದರೆ ಹಳೇ ಯಂತ್ರದ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶದಲ್ಲಿ, ಆ ಜಾಗದಲ್ಲೇ ಆಟವನ್ನು ಉಳಿಸಿಟ್ಟು ಅಲ್ಲಿಂದಲೇ ಮತ್ತೆ ಮತ್ತೆ ಶುರುಮಾಡಬಹುದು. ಅಭ್ಯಾಸಕ್ಕೆ ಅದು ಸರಿ, ಲೆಕ್ಕದ ಓಟಕ್ಕೆ ಸಲ್ಲ. ಯಾವ ಎಮ್ಯುಲೇಟರ್ ನಡೆಯುತ್ತದೆ ಅನ್ನುವುದೂ ನಿಯಮದಲ್ಲೇ ಇರುತ್ತದೆ.

ಮುಕ್ಕಾಲು ಗಂಟೆಗೊಮ್ಮೆ ಎದ್ದು ನೀರು ಕುಡಿದು ಬನ್ನಿ. ಹೆಬ್ಬೆರಳು ನೋಯಲು ಶುರುವಾದರೆ ಆವತ್ತಿಗೆ ಮುಗಿಯಿತು ಅಂತಲೇ ಅರ್ಥ.

ಸಮಯ ಚೆನ್ನಾಗಿ ಬಂದರೆ ಸ್ಪೀಡ್‌ರನ್ ಡಾಟ್ ಕಾಮ್‌ನ ಪಟ್ಟಿಗೆ ವಿಡಿಯೋ ಕಳಿಸಿ, ಎಷ್ಟನೇ ಸ್ಥಾನ ಅಂತ ನಾಚಬೇಡಿ. ಪಟ್ಟಿ ನೋಡಿಕೊಳ್ಳುವ ಸ್ವಯಂಸೇವಕರು ನೋಡಿ ಒಪ್ಪುತ್ತಾರೆ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅವರ ಕಣ್ಣು ಚುರುಕು: ವಿಡಿಯೋ ಅಂಟಿಸಿದ್ದಾರೆಯೇ ಅಂತ ಸದ್ದಿನ ತುಂಡುಗಳನ್ನೂ ಕೇಳಿ ನೋಡುತ್ತಾರೆ. ಮೈನ್‌ಕ್ರಾಫ್ಟ್‌ನ ಬಹಳ ಹೆಸರಾದ ಯೂಟ್ಯೂಬರ್ ಒಬ್ಬರ ಓಟವನ್ನು 2020ರ ಡಿಸೆಂಬರಿನಲ್ಲಿ ಪಟ್ಟಿಯಿಂದ ತೆಗೆದರು. ಕಾರಣ ಕಣ್ಣಿಗೆ ಕಂಡ ತಪ್ಪಲ್ಲ. ಬೇಕಾದ ವಸ್ತು ಅಷ್ಟು ಸಲ ಸಿಗುವುದು ಲೆಕ್ಕಕ್ಕೇ ಕೂರದಷ್ಟು ಅಪರೂಪ ಅಂತ ಗಣಿತ ಹಾಕಿ ತೋರಿಸಿದರು. ಮರುವರ್ಷ ಆ ಯೂಟ್ಯೂಬರೇ, ಮಾರ್ಪಾಡು ಮಾಡಿದ ಆಟ ಬಳಸಿದ್ದಾಗಿ ಒಪ್ಪಿಕೊಂಡರು.

ಎತ್ತಿಟ್ಟ ವಿಡಿಯೋ ಈಗ ತೆಗೆಯಿರಿ

ಒಂದು ತಿಂಗಳು ಓಡಿದ ಮೇಲೆ ಅದೇ ವಿಡಿಯೋ ನೋಡಿ. ಮೊದಲ ಸಲ ಬರೀ ಓಡುತ್ತಿರುವ ಬೊಂಬೆ ಕಂಡಿತ್ತು. ಈಗ ಇಟ್ಟಿಗೆಗೆ ಮೈ ತಾಗಿಸಿದ್ದು ಕಾಣುತ್ತದೆ, ಕಂಬದ ಹತ್ತಿರ ಟೈಮರಿನ ಕೊನೆಯ ಅಂಕಿ ಕಾಣುತ್ತದೆ, ನೀವು ನೂರು ಸಲ ಬಿದ್ದ ಹಳ್ಳವನ್ನು ಅವರು ಉಸಿರೂ ಬಿಡದೆ ದಾಟಿದಾಗ ನಿಮ್ಮ ಹೆಬ್ಬೆರಳು ತಾನಾಗಿ ಅಲುಗುತ್ತದೆ. ಒಬ್ಬರೇ ನೋಡಬೇಡಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಮುಂದೆ ಏನಾಗುತ್ತದೆ ಅಂತ ಮೊದಲೇ ಹೇಳಿ.

ನಾನು ಅಪ್ಪನನ್ನು ಕೂರಿಸಿಕೊಂಡೆ. ಪಟಾಕಿ ವಿಷಯ ಹೇಳಿದೆ, ಡೇರಿ ವ್ಯಾನಿನ ವಿಷಯ ಹೇಳಿದೆ. "ಹೂಂ" ಅಂದರು, ಅಷ್ಟೇ. ವಿಡಿಯೋ ಮುಗಿದ ಮೇಲೆ ನಾನೇ ಆಡಲು ಕೂತೆ, ಅವರು ಹಿಂದಿನ ಕುರ್ಚಿಯಲ್ಲಿ ಪೇಪರ್ ಹಿಡಿದುಕೊಂಡಿದ್ದರು. ಮೊದಲ ಮಟ್ಟ, ಕೊನೆಯ ಮೆಟ್ಟಿಲು, ಹಾರಿದೆ, ಕಂಬ ಹಿಡಿದೆ. ನಾನು ಮೇಲಿನ ಅಂಕಿ ನೋಡುವ ಮೊದಲೇ ಪೇಪರಿನ ಹಿಂದಿನಿಂದ ದನಿ ಬಂತು:

"ಆರು ಬಿತ್ತು ಕಣ್ಲಾ. ತಿರ್ಗಾ ಮೊದ್ಲಿಂದ ಹೊಡಿ."